ಒಂದು ದಾರದಷ್ಟು ಡೊಂಕು

ಆ ಕಾಲದಲ್ಲಿ ನಾಡಿನಲ್ಲಿ ಎಲ್ಲದಕ್ಕೂ ಬರವಿತ್ತು, ನಕ್ಷೆಗಳಿಗೆ ಮಾತ್ರ ಇರಲಿಲ್ಲ. ಒಂದು ಹೊಸ ಊರು ಕಟ್ಟಬೇಕೆಂದರೆ ಮೊದಲು ಮೂರು ಲಾರಿ ನಕ್ಷೆ ಬರುತ್ತಿತ್ತು, ನಕ್ಷೆ ನೋಡಲು ಹನ್ನೆರಡು ಸಮಿತಿಗಳು ಬರುತ್ತಿದ್ದವು, ಸಮಿತಿಗಳಿಗೆ ಚಹಾ ಕಾಸುವ ಯಂತ್ರ ಬರುತ್ತಿತ್ತು; ಇಟ್ಟಿಗೆ ಎತ್ತಿ ಇಡುವ ಕೈ ಒಂದು ಬರುತ್ತಿರಲಿಲ್ಲ.

ಸಿಮೆಂಟಿಗೆ ನಿಷೇಧ ಬಿದ್ದು ಆಗಲೇ ಇಪ್ಪತ್ತು ವರ್ಷ. ಬಿಸಿಲು ಐವತ್ತೆರಡು ಡಿಗ್ರಿ ದಾಟಿದ ಮೇಲೆ ಕಾಂಕ್ರೀಟಿನ ಮಹಡಿಗಳಲ್ಲಿ ಜನ ಹಪ್ಪಳದಂತೆ ಸುರುಟಿಕೊಳ್ಳತೊಡಗಿದ್ದರು. ಮಣ್ಣು ಮತ್ತು ಸುಣ್ಣದಲ್ಲಿ ಕಟ್ಟಿದ ತಣ್ಣನೆಯ ಊರುಗಳೇ ಗತಿ ಎಂದು ಸರಕಾರ ಸಾರಿತು. ಮಣ್ಣಿನ ಮನೆಯ ಬಗ್ಗೆ ಪದವಿ ಪಡೆದವರು ಹತ್ತು ಲಕ್ಷ. ಮಣ್ಣಿನ ಮನೆಯ ಬಗ್ಗೆ ಭಾಷಣ ಮಾಡುವವರು ಐವತ್ತು ಲಕ್ಷ. ಕೆಳಗೆ ಒಂದೇ ಒಂದು ಕಟ್ಟಿಗೆಯ ಆಧಾರವಿಲ್ಲದೆ ಗಾಳಿಯಲ್ಲಿ ಕಮಾನು ಎಬ್ಬಿಸಬಲ್ಲ ಗೌಂಡಿಗಳು, ಅಂದರೆ ಗೋಡೆ ಕಟ್ಟುವವರು, ಎಷ್ಟು ಎಂದು ಎಣಿಸಲು ಕೂತರೆ ಎರಡನೆಯ ಬೆರಳಿಗೇ ಎಣಿಕೆ ಮುಗಿಯಿತು.

ಒಬ್ಬಳು ಹುಲಿಗೆವ್ವ, ಅರವತ್ತಮೂರು ವರ್ಷದವಳು. ಇವಳು ಕಟ್ಟಿದ ಗೋಡೆಗೆ ಸಿಡಿಲು ಬಡಿದರೆ ಸಿಡಿಲಿಗೇ ಬಾವು ಬರುತ್ತಿತ್ತು. ಇವಳು ಕಣ್ಣು ಕೆಂಪಗೆ ಮಾಡಿದರೆ ಹಸಿ ಸುಣ್ಣ ಹೆದರಿ ಅಲ್ಲೇ ಒಣಗುತ್ತಿತ್ತು. ಇನ್ನೊಬ್ಬ ಯಂಕೋಬ, ಅವಳಿಗಿಂತ ಆರು ವರ್ಷ ಹಿರಿಯ. ಅವನೂ ಅಷ್ಟೇ ದೊಡ್ಡ ಕಸುಬುದಾರ, ಆದರೆ ಹುಲಿಗೆವ್ವನ ಎದುರು ಈ ಮಾತು ಆಡಿ ಹಲ್ಲು ಉಳಿಸಿಕೊಂಡವರಿಲ್ಲ.

ಇವರ ಹಗೆಗೆ ಮೂವತ್ತೊಂದು ವರ್ಷ. ಗೌಂಡಿಗಳಲ್ಲಿ ಒಂದು ಪದ್ಧತಿ ಉಂಟು: ಯಾವ ಕಟ್ಟಡವಾದರೂ ಎರಡು ತುದಿಯಿಂದ ಏಳಬೇಕು, ತುದಿಗೆ ಒಬ್ಬ ಗೌಂಡಿ, ನಡುವೆ ಒಂದು ಬಿಗಿದ ದಾರ. ಗೋಡೆ ನೆಟ್ಟಗಿದೆಯೋ ಎಂದು ತಾನೇ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡುವಂತಿಲ್ಲ. ಎದುರು ತುದಿಯವರು ನೋಡಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಕೋಟೆ ಓಣಿಯ ಶಾಲೆಯ ಗೋಡೆ ಮುಗಿದ ದಿನ ಹುಲಿಗೆವ್ವನ ತುದಿಗೆ ಗುಂಡು ಹಿಡಿದ ಯಂಕೋಬ, ಇಡೀ ಓಣಿಗೆ ಕೇಳುವಂತೆ, "ಒಂದು ದಾರದಷ್ಟು ಡೊಂಕ ಐತಿ" ಎಂದಿದ್ದ. ಅಷ್ಟೇ. ಅಂದಿನಿಂದ ಅವಳು ಆ ಓಣಿಗೆ ಕಾಲಿಟ್ಟಿರಲಿಲ್ಲ. ಅಂದಿನಿಂದ ಇಬ್ಬರೂ ಒಂದೂ ಒಳ್ಳೆಯ ಮಾತು ಆಡಿರಲಿಲ್ಲ. ಮತ್ತು ಅಂದಿನಿಂದ ನಾಡಿನ ಒಂದೊಂದು ಕಮಾನನ್ನೂ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು, ಬೈದಾಡುತ್ತಲೇ ಕಟ್ಟಿದ್ದರು.

ಹೀಗಿರುವಾಗ ಊರು ಕಟ್ಟಿಸುವ ಇಲಾಖೆಯವರು ತೋಳಂಗಿ ತಂದರು.

ತೋಳಂಗಿ ಎಂದರೆ ಬೆರಳ ತುದಿಯಿಂದ ಹೆಗಲವರೆಗೆ ಏರುವ ತೆಳು ಅಂಗಿ. ಅದರೊಳಗೆ ಕೂದಲಿಗಿಂತ ಸಣ್ಣ ಒಂಬತ್ತು ಸಾವಿರ ತಂತಿ. ಕಸುಬು ಬಲ್ಲವರು ತೊಟ್ಟು ದುಡಿದರೆ ಯಾವ ಸ್ನಾಯು ಯಾವಾಗ ಎಷ್ಟು ಬಿಗಿಯಿತು ಎಂದು ಬರೆದುಕೊಳ್ಳುತ್ತದೆ. ಬಾರದವರು ತೊಟ್ಟರೆ ಅದೇ ಬಿಗಿತವನ್ನು ಸಣ್ಣ ಸಣ್ಣ ಮಿಂಚಾಗಿ ಅವರ ಸ್ನಾಯುವಿಗೆ ಮುಟ್ಟಿಸುತ್ತದೆ. ನಿನ್ನೆಯವರೆಗೆ ಚಮಚ ಹಿಡಿಯಲು ತಡವರಿಸುತ್ತಿದ್ದವನು ಇವತ್ತು ಕರಣಿ ಹಿಡಿದು ಸುಣ್ಣ ಬಳಿಯುತ್ತಾನೆ. ಆದರೆ ಒಂದು ಷರತ್ತು: ಇಲಾಖೆ ಯಾರ ಕೈ ಬರೆದುಕೊಂಡಿತೋ ಅವರು ಮತ್ತೆ ಆ ಕೆಲಸ ಮುಟ್ಟುವಂತಿಲ್ಲ. ಕೈ ಇಲಾಖೆಯ ಸ್ವತ್ತು. ಎಲ್ಲ ಗೋಡೆಗಳೂ ಒಂದೇ ಅಚ್ಚಿನಲ್ಲಿ ಬರಬೇಕಂತೆ.

ಹುಲಿಗೆವ್ವ ಮೊದಲು ಆ ಷರತ್ತಿನ ಕಾಗದವನ್ನು ಇಲಾಖೆಯವರ ಮುಖಕ್ಕೇ ಎಸೆದಳು. ಆಮೇಲೆ ಯಾರೋ, ಯಂಕೋಬ ಆಗಲೇ ಸಹಿ ಮಾಡಿದ, ಇನ್ನು ಸಾವಿರ ಊರಲ್ಲಿ ಅವನ ಕೈಯೇ ಕಟ್ಟುತ್ತದೆ ಎಂದರು. ಅವಳು ಕಾಗದ ಹೆಕ್ಕಿ ಸಹಿ ಹಾಕಿದಳು. ಯಂಕೋಬನಿಗೂ ಹೀಗೆಯೇ, ಹುಲಿಗೆವ್ವ ಸಹಿ ಮಾಡಿದಳೆಂದು ಹೇಳಿದ್ದರೆಂಬುದು ಅವಳಿಗೆ ತಿಳಿದದ್ದು ತಿಂಗಳ ಮೇಲೆ.

ಅಷ್ಟರಲ್ಲಿ ಅವಳ ಮಣಿಕಟ್ಟಿಗೆ ಕೈಕಾವಲು ಎಂಬ ಬಳೆ ಬಿದ್ದಾಗಿತ್ತು. ಕೈ ಗೌಂಡಿ ಕೆಲಸದ ವರಸೆಗೆ ಹೋದರೆ ಸಾಕು, ಅದು ಹಂದಿಮರಿಯಂತೆ ಕಿರುಚುತ್ತಿತ್ತು.

* * *

ಒಂದು ವರ್ಷ ಕಳೆದ ಮೇಲಿನ ಮಾತು. ಬೆಳಗ್ಗೆ ಹುಲಿಗೆವ್ವನ ಗಂಡ ದ್ಯಾಮಣ್ಣ ರೊಟ್ಟಿ ಬಡಿದು ಕೊಡುತ್ತಿದ್ದ, ಅವಳು ಬುಟ್ಟಿಗೆ ಒಟ್ಟುತ್ತಿದ್ದಳು. ನಾಲ್ಕನೆಯ ರೊಟ್ಟಿಗೆ ಬಳೆ ಕಿರುಚಿಕೊಂಡಿತು.

"ಮತ್ತ ಇಟ್ಟಂಗಿ ಹಂಗ ಸಂದಿ ತಪ್ಪಿಸಿ ಇಟ್ಟಿ ನೋಡು" ಎಂದ ದ್ಯಾಮಣ್ಣ, ಹಿಟ್ಟಿನಿಂದ ತಲೆಯೆತ್ತದೆ. "ರೊಟ್ಟಿ ಒಂದರ ಮ್ಯಾಲ ಒಂದು ಸುಮ್ನ ಒಗಿಯಬೇಕಂತ ಎಷ್ಟು ಸಲ ಹೇಳಿನಿ?"

"ಹಂಗ ಒಗದ್ರ ಬುಟ್ಟಿ ವಾಲತೈತಿ."

"ರೊಟ್ಟಿ ಬುಟ್ಟಿ ವಾಲಿದ್ರ ಯಾರ ತಲಿ ಮ್ಯಾಲ ಬೀಳತೈತಿ ಮಾರಾಯ್ತಿ? ಕೈ ಬಿಟ್ಟು ಕುಂದರು. ಊರ ಮಂದಿ ನಿನ್ನ ಕೈ ತೊಟಗೊಂಡು ಮೆರೀತಾರ, ನನಗ ನಿನ್ನ ಬಾಯಿ ಅಷ್ಟ ಉಳದೈತಿ."

ಅವಳು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಇಲಾಖೆಯ ಗಾಡಿ ಬಂದು ನಿಂತಿತು. ರೊಟ್ಟಿಯ ತಪ್ಪಿಗೆ ಬಂದಿರಬೇಕೆಂದು ಅವಳು ಕುಡುಗೋಲು ಹುಡುಕಿದಳು. ಆದರೆ ಚಾಲಕ ಬಾಗಿಲಲ್ಲೇ ನಿಂತು, "ಅಮ್ಮಾರ, ನೀರಮನಿ ಕಮಾನು ಬಿತ್ತಂತ್ರೀ. ಮೂರನೇ ಸಲ" ಎಂದ.

ಹುಲಿಗೆವ್ವ ನಕ್ಕಳು. ಆ ನಗುವಿಗೆ ಮಾಡಿನ ಮೇಲಿನ ಪಾರಿವಾಳಗಳು ಪಕ್ಕದ ತಾಲೂಕಿಗೆ ಹಾರಿಹೋದವು.

* * *

ಹೊಸದಾಗಿ ಏಳುತ್ತಿದ್ದ ತಂಪುನಗರದ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬ ಪರದೆಗಳು, ಪರದೆ ತುಂಬ ತೋಳುಗಳು. ನಡುವೆ ನಿಂತಿದ್ದವಳು ಪ್ರಮೋದಿನಿ, ತೋಳಂಗಿ ವಿಭಾಗದ ಎಂಜಿನಿಯರು, ಮೈಸೂರಿನ ಕಡೆಯವಳು. ಮೂರು ದಿನದಿಂದ ನಿದ್ದೆಯಿಲ್ಲದೆ ಅವಳ ಕಣ್ಣಿನ ಕೆಳಗೆ ಎರಡು ಕೆರೆ ತೋಡಿದಂತಾಗಿತ್ತು. ಎದುರು ಕುರ್ಚಿಯಲ್ಲಿ ಯಂಕೋಬ ಕೂತಿದ್ದ. ಒಂದು ವರ್ಷದಲ್ಲಿ ಮೈ ಇಳಿದಿತ್ತು. ಮೀಸೆ ಮಾತ್ರ ಹಾಗೇ ಇತ್ತು.

"ಇನ್ನೂ ಉಸಿರೈತೇನು ಇದಕ್ಕ?" ಎಂದು ಹುಲಿಗೆವ್ವ ಅವನ ಕಡೆ ನೋಡದೆ ಪ್ರಮೋದಿನಿಯನ್ನು ಕೇಳಿದಳು.

"ನಿನ್ನ ಕೈಯಾಗ ಕಟ್ಟಿದ್ದು ಬಿದ್ದೈತಂತ ಕೇಳಿ ಇನ್ನೊಂದ ಇಪ್ಪತ್ತು ವರ್ಷ ಆಯುಷ್ಯ ಬಂತು" ಎಂದ ಯಂಕೋಬ, ಕಿಟಕಿಯ ಕಡೆ ನೋಡುತ್ತ.

"ಬಿದ್ದದ್ದು ನಿನ್ನ ತುದಿ."

"ನಿಂದು."

"ಎರಡೂ ಬಿತ್ತು!" ಪ್ರಮೋದಿನಿ ಮೇಜು ಗುದ್ದಿದಳು. "ದಯವಿಟ್ಟು ಸ್ವಲ್ಪ ಕೇಳಿ ಇಬ್ರೂ."

ಅವಳು ಹೇಳಿದ್ದು ಇಷ್ಟು. ಊರಿನ ನಡುವೆ ನೀರಮನೆ, ಮಳೆಯ ನೀರನ್ನು ವರ್ಷವಿಡೀ ಹಿಡಿದಿಡುವ ದೊಡ್ಡ ಗುಂಡಿ. ಅದರ ಮೇಲೆ ನೂರು ಮಾರು ಉದ್ದದ ಕಮಾನು. ಎರಡು ತುದಿಯ ಗೋಡೆಗಳಿಂದ ಹೊರಟು ನಡುವೆ ಕೂಡಬೇಕು. ಆರುನೂರು ಜನ ತೋಳಂಗಿ ತೊಟ್ಟು ನಿಂತಿದ್ದರು, ಪೂರ್ವ ತುದಿಯ ಮುನ್ನೂರು ಜನಕ್ಕೆ ಹುಲಿಗೆವ್ವನ ಕೈ, ಪಶ್ಚಿಮದ ಮುನ್ನೂರಕ್ಕೆ ಯಂಕೋಬನ ಕೈ. ಮೂರು ಸಲವೂ ನಡುವೆ ಬಂದಾಗ ಎರಡು ತುದಿಗಳಿಗೆ ನಾಲ್ಕು ಬೆರಳಿನ ಅಂತರ. ಒತ್ತಿ ಕೂಡಿಸಲು ಹೋದರೆ ಕುಸಿತ. ನಿನ್ನೆ ಒಬ್ಬನ ಹೆಗಲು ಮುರಿಯಿತು. ಮಳೆಗೆ ಒಂಬತ್ತು ದಿನ. ಬಾಯಿ ತೆರೆದ ಗುಂಡಿಗೆ ಮಳೆ ಹೊಯ್ದರೆ ಮಣ್ಣಿನ ಗೋಡೆಗಳು ಒಳಗೆ ಜಾರಿ ನೀರಮನೆಯೇ ಮುಚ್ಚಿಹೋಗುತ್ತದೆ. ನಲವತ್ತು ಸಾವಿರ ಸಂಸಾರ ಗಂಟು ಕಟ್ಟಿ ಕೂತಿವೆ.

ಹುಲಿಗೆವ್ವ ನಿನ್ನೆಯ ಕೆಲಸ ತೋರಿಸುತ್ತಿದ್ದ ಪರದೆಯ ಹತ್ತಿರ ಹೋದಳು. ಅಲ್ಲಿ ಮುನ್ನೂರು ಅಪರಿಚಿತ ತೋಳುಗಳು ಅವಳ ಹಾಗೆ ಕರಣಿ ಹಿಡಿದಿದ್ದವು, ಅವಳ ಹಾಗೆ ಸುಣ್ಣ ಎಳೆಯುತ್ತಿದ್ದವು, ಕಿರುಬೆರಳನ್ನು ಅವಳ ಹಾಗೆಯೇ ಮಡಚುತ್ತಿದ್ದವು. ಮೈ ಉರಿಯಿತು ಅವಳಿಗೆ. ತನ್ನ ಸೀರೆಯನ್ನು ಮುನ್ನೂರು ಜನ ಉಟ್ಟುಕೊಂಡು ಓಡಾಡಿದಂತೆ. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು.

"ಮೇಡಮ್ಮಾರ, ಧ್ವನಿ ಹಚ್ಚರಿ."

"ಧ್ವನಿ ಇದೆಯಮ್ಮ. ಇಷ್ಟೇ."

ಕೇಳಿಸುತ್ತಿದ್ದದ್ದು ಕರಣಿಯ ಸರ್ರ್ ಸದ್ದು. ಆರುನೂರು ಜನ, ಹೆಣ ಮಣ್ಣು ಮಾಡಲು ಬಂದವರ ಹಾಗೆ ತುಟಿ ಹೊಲಿದುಕೊಂಡು ನಿಂತಿದ್ದರು.

"ಇವರ ಬಾಯಿ ಎಲ್ಲಿ?"

ಪ್ರಮೋದಿನಿಯ ಮುಖ ಕೆಂಪಾಯಿತು. "ನಿಮ್ಮಿಬ್ಬರನ್ನ ಮೊದಲು ಒಟ್ಟಿಗೇ ರೆಕಾರ್ಡ್ ಮಾಡಕ್ಕೆ ಹೋಗಿದ್ವಿ, ನೆನಪಿದೆಯಾ? ಹತ್ತು ನಿಮಿಷದಲ್ಲಿ ನೀವು ಆಡಿದ ಮಾತಿಗೆ ನಮ್ಮ ಸಭ್ಯತೆ ಸೋಸುವ ಯಂತ್ರ ಕೆಟ್ಟೋಯ್ತು. ಅದಕ್ಕೇ ಬೇರೆ ಬೇರೆ ಕೋಣೇಲಿ ಮಾಡಿದ್ದು. ಮಾತೆಲ್ಲ ಕತ್ತರಿಸಿದ್ವಿ. ಕೆಲಸದ ಜಾಗದಲ್ಲಿ ದ್ವೇಷದ ಮಾತು ಆಡಬಾರದು ಅಂತ ನಿಯಮ ಇದೆ."

ಹುಲಿಗೆವ್ವ ಯಂಕೋಬನ ಕಡೆ ನೋಡಿದಳು. ಯಂಕೋಬ ಹುಲಿಗೆವ್ವನ ಕಡೆ ನೋಡಿದ. ಒಂದು ವರ್ಷದ ಮೇಲೆ ಮೊದಲ ಸಲ.

"ಮೂಗಿಲ್ಲದ ಮಾರಿಗಿ ನತ್ತು ಹಾಕ್ಯಾರ" ಎಂದ ಅವನು.

"ಏನು ಅರ್ಥ?" ಎಂದಳು ಪ್ರಮೋದಿನಿ.

"ಅರ್ಥ ಏನಂದ್ರ," ಹುಲಿಗೆವ್ವ ಹೇಳಿದಳು, "ಪೂರ್ವದ ತುದಿಗಿ ಮುಂಜಾನೆ ಬಿಸಲು, ಸುಣ್ಣ ಲಗೂನ ಬಿಗೀತೈತಿ. ಪಶ್ಚಿಮಕ್ಕ ನೆರಳು, ಅಲ್ಲಿ ಸಾಲು ಹಸೀದಿರತೈತಿ, ಕುಸದು ಕುಂದರತೈತಿ. ದಿನಾ ಬ್ಯಾರೆ, ತಾಸಿಗೊಮ್ಮೆ ಬ್ಯಾರೆ. ನನ್ನ ತುದಿ ಎಷ್ಟು ಕುಂತೈತಿ ಅಂತ ನನಗ ಕಾಣೂದಿಲ್ಲ, ಈ ಕ್ವಾಣಕ್ಕ ಕಾಣತೈತಿ. ಇವಂದು ನನಗ ಕಾಣತೈತಿ. ಇಂವ 'ನಿನ್ನ ಸಾಲು ಉಂಡ ಎಮ್ಮಿ ಹಂಗ ಕುಂತೈತಿ' ಅಂದ್ರ ಅರ್ಧ ಬೆರಳು ಇಳದೈತಿ ಅಂತ. 'ಸತ್ತ ಎಮ್ಮಿ ಹಂಗ' ಅಂದ್ರ ಒಂದು ಬೆರಳು. ನೀವು ಕೈ ಬರಕೊಂಡ್ರಿ, ಎಮ್ಮಿ ಹೊಡದು ಅಟ್ಟಿದ್ರಿ."

ಹುಲಿಗೆವ್ವ ತನ್ನ ಮಣಿಕಟ್ಟನ್ನು ಪ್ರಮೋದಿನಿಯ ಮೂಗಿಗೆ ಒಡ್ಡಿದಳು.

"ಒಂಬತ್ತು ದಿನದಾಗ ಕಮಾನು ಕೂಡಸತೀನಿ. ಕೂಡಿದ್ರ ನನ್ನ ಕೈ ನನಗ. ಬಿದ್ರ ಈ ಬಳಿ ತಗೀಬ್ಯಾಡ್ರಿ, ಇದನ್ನ ಹಾಕ್ಕೊಂಡೇ ಸಾಯತೀನಿ."

ಪ್ರಮೋದಿನಿ ಮೇಲಿನವರಿಗೆ ಫೋನು ಹಚ್ಚಿದಳು, ಬೇಡಿದಳು, ಗದರಿದಳು. ಕೊನೆಗೆ ಫೋನಿಟ್ಟು, "ಒಪ್ಪಿದ್ದಾರೆ. ಒಂಬತ್ತನೇ ದಿನ ಸಂಜೆವರೆಗೆ. ಇಲ್ಲದಿದ್ರೆ ಕೈ ಶಾಶ್ವತವಾಗಿ ಜಪ್ತಿ" ಎಂದಳು. ಎರಡು ಬಳೆಗಳೂ ಟಕ್ಕೆಂದು ಬಿಚ್ಚಿಕೊಂಡವು.

"ಒಂದು ಮಾತಮ್ಮ," ಎಂದಳು ಮೆಲ್ಲಗೆ. "ನೀವಿಬ್ರೂ ರಾಜಿ ಆಗ್ಬಿಟ್ರೆ ಕೆಲಸ ಇನ್ನೂ ಸುಲಭ ಅಲ್ವಾ?"

"ನಿಮ್ಮ ಓದಿಗಿ ಬೆಂಕಿ ಹಚ್ಚ" ಎಂದು ಹುಲಿಗೆವ್ವ ಹೊರಟಳು.

* * *

ಆ ಎಂಟು ದಿನ ತಂಪುನಗರದ ಬಯಲಿನಲ್ಲಿ ಕೇಳಿದ ಬೈಗುಳಗಳಿಗೆ ಕಾಗೆಗಳು ಕಿವಿ ಮುಚ್ಚಿಕೊಂಡವು, ಜಾಲಿಯ ಮುಳ್ಳುಗಳು ಮೊಂಡಾದವು. ತೋಳಂಗಿಗಳನ್ನು ರಾಶಿ ಹಾಕಿ ಮೇಲೆ ಕಲ್ಲು ಹೇರಿದ್ದರು. ಆರುನೂರು ಜನ ಬರಿಗೈಯಲ್ಲಿ ಇಟ್ಟಿಗೆ ಕೊಡುತ್ತ, ಸುಣ್ಣ ಕಲಸುತ್ತ, ಎರಡು ತುದಿಯ ನಡುವೆ ಹಾರಾಡುವ ಮಾತುಗಳಿಗೆ ತಲೆ ತಗ್ಗಿಸುತ್ತ ಓಡಾಡಿದರು.

"ಲೇ ಯಂಕ್ಯಾ! ನಿನ್ನ ಬಲಗಡೆ ಸಾಲು ಮದುವಿ ಮನಿಗಿ ಬಂದ ಸಾಲಗಾರನಂಗ ಮುಂದ ಮುಂದ ಬರಾಕತ್ತೈತಿ!"

"ನಿಂದು ನೋಡ್ಕೋ ಹುಲಗಿ! ಎಡಗಡೆ ಸತ್ತ ಎಮ್ಮಿ ಮಲಗೇತಿ!"

ಅವಳು ಎಡಗಡೆಯ ಸಾಲನ್ನು ಒಂದು ಬೆರಳು ಎತ್ತುವಳು. ಅವನು ಬಲಗಡೆಯದನ್ನು ಹಿಂದಕ್ಕೆ ತಟ್ಟುವನು. ನಡುವಿನ ದಾರ ವೀಣೆಯ ತಂತಿಯಂತೆ ಬಿಗಿದು ನಿಂತಿರುತ್ತಿತ್ತು. ಒಂದು ದಿನ ಬೈಗುಳಕ್ಕೆ ಸಿಟ್ಟೇರಿ ಅವಳು ಅರ್ಧ ಇಟ್ಟಿಗೆ ಎಸೆದಳು. ಅವನು ಅದನ್ನು ಗಾಳಿಯಲ್ಲೇ ಹಿಡಿದು, ಸುಣ್ಣ ಸವರಿ, ತನ್ನ ಸಾಲಿಗೆ ಕೂರಿಸಿದ. ಅದು ಅಳತೆಗೆ ಸರಿಯಾಗಿ ಕೂತಿತೆಂದು ಆರುನೂರು ಜನ ಇವತ್ತಿಗೂ ಆಣೆ ಮಾಡುತ್ತಾರೆ.

ಮಧ್ಯಾಹ್ನ ದ್ಯಾಮಣ್ಣ ರೊಟ್ಟಿ ಬುಟ್ಟಿ ಹೊತ್ತು ಬರುತ್ತಿದ್ದ. ಎರಡು ಗಂಟು ಕಟ್ಟಿರುತ್ತಿದ್ದ. ಎರಡನೆಯದು ಯಾರಿಗೆಂದು ಅವಳು ಕೇಳಲಿಲ್ಲ. ಯಂಕೋಬನಿಗೆ ಹೆಂಡತಿ ಇಲ್ಲದ್ದು, ಅವನು ಚುರುಮುರಿ ತಿಂದು ದಿನ ದೂಡುವುದು ಗಂಡನಿಗೆ ಹೇಗೆ ಗೊತ್ತಾಯಿತೆಂದೂ ಕೇಳಲಿಲ್ಲ. "ಆ ಗಂಟಿಗಿ ಖಾರ ಜಾಸ್ತಿ ಹಾಕು, ಅವನ ನಾಲಿಗಿ ಮೆತ್ತಗಾಗೈತಿ" ಎಂದಷ್ಟೇ ಹೇಳಿದಳು.

ಅದು ಬರೀ ಹಾಸ್ಯವಾಗಿರಲಿಲ್ಲ. ಏಳನೆಯ ದಿನದಿಂದ ಯಂಕೋಬನ ಧ್ವನಿ ಇಳಿಯುತ್ತಿತ್ತು. ಕೆಮ್ಮು ಹತ್ತಿತ್ತು. ಬಿಡುವಿನಲ್ಲಿ ಪ್ರಮೋದಿನಿ ಅವನ ಪಕ್ಕ ಕೂತು ಏನೋ ಮೆತ್ತಗೆ ಹೇಳುತ್ತಿದ್ದುದನ್ನು ಹುಲಿಗೆವ್ವ ಕಂಡಳು. ಅದು ಅವಳಿಗೆ ಸರಿಬರಲಿಲ್ಲ.

* * *

ಒಂಬತ್ತನೆಯ ದಿನ ಮಧ್ಯಾಹ್ನ. ಎರಡು ತುದಿಗಳ ನಡುವೆ ಒಂದೇ ಒಂದು ಸಾಲಿನ ಜಾಗ ಉಳಿದಿತ್ತು. ಪಶ್ಚಿಮದಲ್ಲಿ ಆಕಾಶ ಹೆಂಚಿನ ತಳದಂತೆ ಕಪ್ಪಾಗಿತ್ತು. ಕಮಾನಿನ ನೆತ್ತಿಯಲ್ಲಿ ಹುಲಿಗೆವ್ವ ಮತ್ತು ಯಂಕೋಬ ಒಂದು ಮಾರು ದೂರದಲ್ಲಿ ಎದುರುಬದುರು ಕೂತಿದ್ದರು. ಕೆಳಗೆ ಇಪ್ಪತ್ತು ಆಳು ಆಳದ ಗುಂಡಿ.

"ಗುಂಡು ಹಿಡಿ" ಎಂದಳು ಅವಳು.

ಯಂಕೋಬ ದಾರ ಇಳಿಬಿಟ್ಟ. ಅವಳ ತುದಿಯನ್ನು ನೋಡಿದ. ಕೆಮ್ಮಿದ. "ಸರಿ ಐತಿ ಬಿಡು" ಎಂದ.

ಹುಲಿಗೆವ್ವನ ಕೈ ನಿಂತುಹೋಯಿತು. ಮೂವತ್ತೆರಡು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ.

"ಏನಂದಿ?"

"ಸರಿ ಐತಿ. ಚಂದ ಕಟ್ಟೀದಿ." ಅವನು ಮೀಸೆಯ ಸುಣ್ಣ ಒರೆಸಿಕೊಂಡ. "ವಯಸ್ಸಾತು ಹುಲಿಗೆವ್ವ. ಆ ಹುಡುಗಿ ಹೇಳೂದು ಖರೇ. ಎಷ್ಟು ದಿನ ಹಿಂಗ? ಆ ಸಾಲಿ ಗ್ವಾಡಿ... ಅದು ನೆಟ್ಟಗನ ಇತ್ತು. ಹೊಟ್ಟಿಕಿಚ್ಚಿಗೆ ಹಂಗಂದೆ. ನನ್ನದು ತಪ್ಪಾ..."

"ಬಾಯಿ ಮುಚ್ಚಲೇ!"

ಆ ಕೂಗಿಗೆ ಕೆಳಗಿದ್ದ ಆರುನೂರು ಜನ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ನೀ ಆ ತುದಿಗಿ ನೆಂಟಸ್ತನ ಮಾಡಾಕ ಕುಂತಿಲ್ಲ! ಚಂದ ಕಟ್ಟೀನಂತ! ನಿನಗ ಕರುಣಾ ಬಂದ್ರ ನನ್ನ ಗ್ವಾಡಿ ನೆಟ್ಟಗಾಗತೈತೇನು? ಇಪ್ಪತ್ತಾಳು ಕೆಳಗ ಬೀಳತೈತಿ, ಮೊದಲ ನಿನ್ನ ಕರುಣಾ, ಅದರ ಹಿಂದ ನಾವಿಬ್ರೂ! ನನ್ನ ಕೈ ಹೋಕ್ಕೈತಿ, ಯಂಕ್ಯಾ. ಮತ್ತ ಬಳಿ ಬೀಳತೈತಿ. ಗುಂಡು ಹಿಡಿ. ಖರೇ ಹೇಳು."

ಯಂಕೋಬ ಅವಳ ಮುಖವನ್ನೇ ನೋಡಿದ. ಮೊದಲ ಹನಿ ಅವನ ಹಣೆಗೆ ಬಿತ್ತು. ಅವನು ಮತ್ತೆ ಗುಂಡು ಇಳಿಬಿಟ್ಟ. ಈ ಸಲ ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು, ಹಳೆಯ ಹಗೆಯಿಂದ ನೋಡಿದ. ಮೀಸೆ ಮೇಲೆದ್ದಿತು.

"ಸತ್ತ ಎಮ್ಮಿ! ಬಲಗಡೆ ಸತ್ತ ಎಮ್ಮಿ ಬಿದ್ದೈತಿ ಡೊಂಕಿ! ಇದಕ್ಕ ಕಮಾನು ಅಂತಾರೇನು? ನಮ್ಮವ್ವ ಸಗಣಿ ಬಡದದ್ದು ಇದಕ್ಕಿಂತ ನೆಟ್ಟಗ ಇರತಿತ್ತು!"

ಒಂದು ಬೆರಳು. ಪೂರಾ ಒಂದು ಬೆರಳು ಇಳಿದಿತ್ತು. ಹುಲಿಗೆವ್ವ ಬಲಗಡೆಯ ಮೂರು ಇಟ್ಟಿಗೆ ಕಿತ್ತು, ಸುಣ್ಣ ತುಂಬಿ, ಎತ್ತಿ ಕೂರಿಸಿದಳು. ಕೊನೆಯ ಇಟ್ಟಿಗೆಯನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದು, ಒಬ್ಬರನ್ನೊಬ್ಬರು ಶಪಿಸುತ್ತ, ಸಂದಿಗೆ ಇಳಿಸಿದರು. ಅದು ಪೆಟ್ಟಿಗೆಯ ಮುಚ್ಚಳದಂತೆ ಕೂತಿತು. ಆಮೇಲೆ ಬಂದ ಮಳೆಗೆ ಆಕಾಶವೇ ಖಾಲಿಯಾಗಿ ಮೂರು ದಿನ ನಕ್ಷತ್ರಗಳಿಗೆ ನಿಲ್ಲಲು ಜಾಗವಿರಲಿಲ್ಲ. ಕಮಾನಿನಿಂದ ಒಂದು ಚಿಟಿಕೆ ಮಣ್ಣು ಉದುರಲಿಲ್ಲ.

* * *

ಕೈ ವಾಪಸು ಬಂತು. ಆದರೆ ಇನ್ನೂ ಹನ್ನೊಂದು ಊರಿಗೆ ನೀರಮನೆ ಬೇಕಿತ್ತು. ಪ್ರಮೋದಿನಿ ಬೇಡಿಕೊಂಡಳೆಂದು ಇಬ್ಬರೂ ಒಂದು ದಿನಕ್ಕೆ ಒಟ್ಟಿಗೆ ತೋಳಂಗಿ ತೊಟ್ಟು, ಬಾಯಿಗೆ ಮೈಕು ಕಟ್ಟಿಕೊಂಡು ಗೋಡೆ ಎಬ್ಬಿಸಿದರು. ಯಂತ್ರ ಕೇಳುತ್ತಿದೆ ಎಂದು ಗೊತ್ತಾದ ಕೂಡಲೇ ಇಬ್ಬರಿಗೂ ಎಲ್ಲಿಲ್ಲದ ಮರ್ಯಾದೆ ಬಂದುಬಿಟ್ಟಿತು.

"ಯಂಕೋಬಣ್ಣಾರ, ಒಂಚೂರು ಹಿಂದ ಸರಸ್ತೀರೇನ್ರೀ?"

"ಆಗಲಿ ತಗೋರಿ ಹುಲಿಗೆವ್ವಾರ."

ಸಂಜೆಯ ಚಹಾಕ್ಕೆ ಮುಂಚೆ ಆ ಗೋಡೆ ಬಿತ್ತು.

ಪ್ರಮೋದಿನಿ ಬಿದ್ದ ಗೋಡೆಯ ಮುಂದೆ ಒಂದು ಗಂಟೆ ಕೂತು, ಎದ್ದು, ನಾಡಿನ ಎಲ್ಲ ಪರದೆಗಳಿಗೂ ಒಂದು ಪ್ರಕಟಣೆ ಹಾಕಿಸಿದಳು. 'ಗೌಂಡಿ ಕಸುಬು ಕಲಿಯಲು ಬೇಕಾಗಿದ್ದಾರೆ: ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗದ ಇಬ್ಬರು. ಜೋಡಿಯಾಗಿಯೇ ಬರಬೇಕು. ಅನುಭವ ಬೇಕಿಲ್ಲ.'

ಗೌಂಡಿಗಳಿಗೆ ಬರ ಬಂದೀತು, ಈ ನಾಡಿನಲ್ಲಿ ಹಗೆಗೆ ಬರ ಬಂದೀತೆ? ಮರುದಿನ ಬೆಳಗ್ಗೆ ಸಾಲು ಹನ್ನೊಂದು ಮೈಲಿ. ವಾರಗಿತ್ತಿಯರು ಬಂದರು. ಒಂದೇ ಬಾವಿಗೆ ಕಿತ್ತಾಡಿದ ಅಣ್ಣತಮ್ಮಂದಿರು ಬಂದರು. ಎರಡು ಪಕ್ಷದ ಕಾರ್ಯಕರ್ತರು ಬಂದು ಸಾಲಿನಲ್ಲೇ ಅಂಗಿ ಹರಿದುಕೊಂಡರು. ಹುಲಿಗೆವ್ವ ಒಂದೊಂದು ಜೋಡಿಯ ಕೈಗೂ ದಾರ ಕೊಟ್ಟು, ಬೈಗುಳದ ಒಳಗೆ ಅಳತೆ ಇದೆಯೋ ಇಲ್ಲವೋ ಕಿವಿಗೊಟ್ಟು ಕೇಳಿ ಆರಿಸಿದಳು. ಬರೀ ಬೈಯುವವರನ್ನು ಓಡಿಸಿದಳು. ಬೈಯುತ್ತ ನಿಜ ಹೇಳುವವರನ್ನು ಉಳಿಸಿಕೊಂಡಳು.

ಆಯ್ಕೆಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಒಬ್ಬಳೇ ಕೋಟೆ ಓಣಿಗೆ ಹೋದಳು. ಶಾಲೆ ಮುಚ್ಚಿ ಯಾವ ಕಾಲವಾಗಿತ್ತೋ, ಗೋಡೆ ಮಾತ್ರ ನಿಂತಿತ್ತು. ಅವಳು ಆಚೀಚೆ ನೋಡಿದಳು. ಗೌಂಡಿಗಳ ಪದ್ಧತಿ ಮುರಿದು, ಮಡಿಲಿನಿಂದ ತೂಕದ ಗುಂಡು ತೆಗೆದು, ತಾನು ಕಟ್ಟಿದ ತುದಿಗೆ ತಾನೇ ಇಳಿಬಿಟ್ಟಳು.

ಗುಂಡು ತೂಗಿತು, ನಿಧಾನವಾಯಿತು, ನಿಂತಿತು.

ಡೊಂಕಿತ್ತು. ಒಂದು ದಾರದಷ್ಟು.

ಆ ಮುದುಕ ಕಮಾನಿನ ಮೇಲೆ ಅವಳಿಗಾಗಿ ಸುಳ್ಳು ಹೇಳಹೊರಟಿದ್ದ.

ಹುಲಿಗೆವ್ವ ಸ್ವಲ್ಪ ಹೊತ್ತು ಗೋಡೆಗೆ ಕೈ ಹಚ್ಚಿ ನಿಂತಳು. ಆಮೇಲೆ ದಾರ ಸುತ್ತಿ, ಗುಂಡನ್ನು ಮಡಿಲಿಗೆ ಹಾಕಿಕೊಂಡು, ಎರಡನೆಯ ನೀರಮನೆಯ ಅಡಿಪಾಯ ತೋಡುತ್ತಿದ್ದ ಬಯಲಿಗೆ ನಡೆದಳು. ಪಶ್ಚಿಮ ತುದಿಯಲ್ಲಿ ಯಂಕೋಬ ಬೆನ್ನು ಬಗ್ಗಿಸಿ ಕೂತು ದ್ಯಾಮಣ್ಣ ಕಟ್ಟಿಕೊಟ್ಟ ಗಂಟು ಬಿಚ್ಚುತ್ತಿದ್ದ. ಅವಳು ಪೂರ್ವ ತುದಿಗೆ ಹೋಗಿ, ಸೆರಗು ಸಿಗಿಸಿ, ಇಡೀ ಬಯಲಿಗೆ ಕೇಳುವಂತೆ ಕೂಗಿದಳು:

"ಲೇ ಯಂಕ್ಯಾ! ಆ ಸಾಲಿ ಗ್ವಾಡಿ ನೋಡಿಬಂದೆ! ನೆಟ್ಟಗ ನಿಂತೈತಿ, ಕುರುಡಾ! ಏಳು, ದಾರ ಹಿಡಿ!"